ದೋಣಿ ನಿಂತಿದೆ ಎಂದು ಭಾವಿಸಿ

ಊಟದ ಬಿಡುವಿನ ನಂತರದ ಪಿರಿಯಡ್ಡು, ತ್ರಿಕೋನಮಿತಿ.
ಕಿಟಕಿಯಲ್ಲಿ ಬೈತಖೋಲ ಬಂದರಿನ ವಾಸನೆ,
ಹಿಂದಿನ ಬೆಂಚಿನಲ್ಲಿ ಸೋಮು ಗೌಡನ ಆಕಳಿಕೆ.
ಗುನಗಾ ಸರ್ ಹಲಗೆಯ ಮೇಲೊಂದು ದೀಪಸ್ತಂಭ ನಿಲ್ಲಿಸಿದರು.
ಅಡಿಯಲ್ಲೊಂದು ಗೆರೆ, ಅದು ಸಮುದ್ರ.
ಗೆರೆಯ ತುದಿಗೊಂದು ಚುಕ್ಕಿ, ಅದು ದೋಣಿ.
"ಎತ್ತರ ಅರವತ್ತು ಮೀಟರ್. ಅವನತ ಕೋನ ಮೂವತ್ತು.
ದೋಣಿ ನಿಂತಿದೆ ಎಂದು ಭಾವಿಸಿ."

ಭಾವಿಸಲು ನೋಡಿದೆ.
ಅಪ್ಪನ ದೋಣಿ ಲಂಗರು ಹಾಕಿದರೂ ನಿಲ್ಲುವುದಿಲ್ಲ,
ಹಗ್ಗದ ಉದ್ದದಷ್ಟು ಸುತ್ತುತ್ತಲೇ ಇರುತ್ತದೆ
ಗೂಟಕ್ಕೆ ಕಟ್ಟಿದ ಕರುವಿನ ಹಾಗೆ.

ಕಳೆದ ಟೆಸ್ಟಿನಲ್ಲಿ ನನಗೆ ಇಪ್ಪತ್ತೈದಕ್ಕೆ ಹನ್ನೊಂದು.
ನಾನು ಮನೆಯಲ್ಲಿ ಕೊಂಕಣಿ, ಸೋಮು ಮನೆಯಲ್ಲಿ ಹಾಲಕ್ಕಿ ಕನ್ನಡ,
ಅಫ್ರೀನಾ ಮನೆಯಲ್ಲಿ ಇನ್ನೊಂದು;
ಸೈನ್, ಕಾಸ್, ಟ್ಯಾನ್ ಮಾತ್ರ ಯಾರ ಮನೆಯ ಮಾತೂ ಅಲ್ಲ.

ವಿಜ್ಞಾನ ಸಂಘಕ್ಕೆ ಜೂನಿನಲ್ಲಿ ಸೇರಿದವರು ಇಪ್ಪತ್ತೆಂಟು ಮಂದಿ.
ಮೊದಲ ದಿನ ಬಿಸ್ಕಿಟ್ ಇತ್ತು.
ಈಗ ಉಳಿದವರು ಮೆಲಿಟಾ, ದತ್ತಪ್ರಸಾದ ಮತ್ತು ನಾನು,
ಜೆಟ್ಟಿಯ ಮೂಲೆಗೆ ಕಟ್ಟಿದ ಒಂದು ಬಿದಿರು.
ದೋಣಿಗೆ ಬಳಿದು ಉಳಿದ ಕೆಂಪು ಬಣ್ಣದಲ್ಲಿ
ಅದರ ಮೇಲೆ ಅಂಕೆ ಬರೆದವಳು ನಾನೇ.
ದಿನಾ ನಾಲ್ಕೂವರೆಗೆ ನೀರು ಎಲ್ಲಿಗೆ ಬಂತು ನೋಡಬೇಕು,
ವಹಿಯಲ್ಲಿ ಬರೆಯಬೇಕು. ಅಷ್ಟೇ ಸಂಘ.
ಐಸ್ ಒಡೆಯುವವರು ಕೇಳುತ್ತಾರೆ,
"ಏನ್ ಬಾಯೋ, ಸಮುದ್ರಕ್ಕೂ ಹಾಜರಿಯೇ?"

ಮೊನ್ನೆ ಒಂದು ಫಾರ್ಮು ಹಂಚಿದರು:
ಮುಂದೆ ಏನಾಗಬಯಸುವಿರಿ? ಒಂದೇ ಸಾಲು. ಶನಿವಾರದೊಳಗೆ.
ಮೆಲಿಟಾ ಅಲ್ಲೇ ಬರೆದಳು, ನರ್ಸ್, ಮಸ್ಕತ್.
ಊರಿನ ಹೆಸರನ್ನು ಯಾರೂ ಕೇಳಿರಲಿಲ್ಲ.
ದತ್ತಪ್ರಸಾದ ಬರೆದದ್ದು ನೇವಿ.
ನೌಕಾನೆಲೆಯ ಗೋಡೆಯ ಒಳಗಿದೆ ಅವನ ಅಜ್ಜನ ಬಾವಿ;
ಬಿಳಿ ಯೂನಿಫಾರ್ಮು ಹಾಕಿ ಗೇಟಿನಿಂದಲೇ ಹೋಗಿ
ಒಂದು ಕೊಡ ನೀರು ಸೇದುತ್ತಾನಂತೆ.
ನಗಬೇಕೋ ಬೇಡವೋ ತಿಳಿಯದೆ ನಾವು ಪೆನ್ನು ಕಚ್ಚಿದೆವು.

ನನ್ನ ಸಾಲು ಖಾಲಿ.
ಬಂದರು ಕಚೇರಿಯ ಗೋಡೆಗೆ ಉಬ್ಬರ ಇಳಿತದ ಪಟ್ಟಿ ಅಂಟಿಸಿರುತ್ತಾರೆ,
ಇಡೀ ವರ್ಷದ್ದು, ನಿಮಿಷ ಸಮೇತ.
ನಾಳೆಯ ನೀರನ್ನು ಇವತ್ತೇ ಬರೆದವರು ಯಾರು?
ಆ ಕೆಲಸಕ್ಕೆ ಏನಂತಾರೆ?
ಅವ್ವನನ್ನು ಕೇಳಿದೆ. ಬಂಗಡೆ ಎಣಿಸುತ್ತಿದ್ದಳು,
"ಲೆಕ್ಕ ತಪ್ಪಿಸಬೇಡ" ಅಂದಳು.

"ಸರ್," ಎದ್ದು ನಿಂತೆ, "ಆಗ ಉಬ್ಬರವೋ ಇಳಿತವೋ?"
"ಯಾವಾಗ?"
"ಅರವತ್ತು ಮೀಟರ್ ಅಳೆಯುವಾಗ. ನೀರು ಏರಿದರೆ
ಸ್ತಂಭ ಗಿಡ್ಡ ಆಗ್ತದೆ."
ತರಗತಿ ನಕ್ಕಿತು. ಸೋಮು ಎಚ್ಚರಾದ.
ಸರ್ ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸಿದರು.
"ಪರೀಕ್ಷೆಯಲ್ಲಿ ಉಬ್ಬರ ಬರುವುದಿಲ್ಲ. ಕೂತ್ಕೋ."

ನಾಲ್ಕೂವರೆಗೆ ಜೆಟ್ಟಿಗೆ ಬಂದರು,
ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು.
ವಹಿ ಕೇಳಿ ಹಿಂದಿನ ಪುಟಗಳನ್ನೆಲ್ಲ ತಿರುವಿದರು.
"ಅತಿ ಕಡಿಮೆಗೂ ಅತಿ ಹೆಚ್ಚಿಗೂ ಒಂದು ಪಾಯಿಂಟ್ ನಾಲ್ಕು ಮೀಟರ್.
ಮೂರರ ವರ್ಗಮೂಲದಿಂದ ಗುಣಿಸು."
ಬಾಯಲ್ಲೇ ಗುಣಿಸಿದೆ, ಎರಡು ಸಲ ತಪ್ಪಿ.
ಎರಡು ಮೀಟರ್ ನಲವತ್ತೆರಡು.
ಉತ್ತರ ಅಷ್ಟು ಸರಿಯುತ್ತದೆ.
ನಮ್ಮ ದೋಣಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ.

ಸರ್ ಏನೂ ಹೇಳಲಿಲ್ಲ. ತಾರ್ಲೆ ಏನು ರೇಟು ಎಂದು
ಯಾರನ್ನೋ ಕೇಳುತ್ತ ಹೊರಟರು.

ಶನಿವಾರ ಬೆಳಿಗ್ಗೆ ಫಾರ್ಮಿನಲ್ಲಿ "ಶಿಕ್ಷಕಿ" ಎಂದು ಬರೆದೆ,
ಪೆನ್ಸಿಲಿನಲ್ಲಿ, ಅಳಿಸಿದರೆ ಗುರುತು ಉಳಿಯದ ಹಾಗೆ.
ಸಂಜೆ ಬಿದಿರಿನ ಮೇಲೆ ನೀರು
ಒಂದು ಪಾಯಿಂಟ್ ಆರಕ್ಕೆ ಬಂದು, ಹೋಗಿ, ಮತ್ತೆ ಬಂತು.
ಮೂರು ಅಲೆ ಕಾದು
ಇಂಕಿನಲ್ಲಿ ಬರೆದೆ.